ಗೃಹವಿಜ್ಞಾನ ಓದಿದವರು ವಿದೇಶದಲ್ಲಿ ಸಂಶೋಧಕರಾಗಬಹುದೇ?

ಉಡುಪಿಯಲ್ಲಿ ಗೃಹವಿಜ್ಞಾನ ಓದುತ್ತಿರುವ ಮಗಳು ಮುಂದೆ ವಿದೇಶದಲ್ಲಿ ಸಂಶೋಧಕಿಯಾಗಬಹುದೇ, ಸಂಸಾರ ಅದಕ್ಕೆ ಅಡ್ಡಿಯಾಗದೇ ಎಂದು ತಾವು ಕೇಳಿದ್ದೀರಿ. ಖಂಡಿತ ಆಗಬಹುದು, ಸ್ತನ ಕ್ಯಾನ್ಸರ್ ಸಂಶೋಧಕಿ ಶ್ಯಾಮಲಾ ಗೋಪಾಲನ್ ಅವರ ಬದುಕನ್ನೇ ನೋಡಿ. 1938ರಲ್ಲಿ ಮದರಾಸಿನಲ್ಲಿ ಹುಟ್ಟಿದ ಅವರು ದೆಹಲಿಯ ಲೇಡಿ ಇರ್ವಿನ್ ಕಾಲೇಜಿನಲ್ಲಿ ಓದಿದ್ದು ಇದೇ ಗೃಹವಿಜ್ಞಾನವನ್ನು. ನಮ್ಮ ಕರಾವಳಿಯಲ್ಲಿ ಇಂದಿಗೂ ಅನೇಕರು ಅಡುಗೆ, ಹೊಲಿಗೆಯ ಪಾಠವೆಂದೇ ತಿಳಿದಿರುವ ಈ ವಿಷಯದಲ್ಲಿ ಪೋಷಣಾಶಾಸ್ತ್ರವೂ ಜೀವರಸಾಯನಶಾಸ್ತ್ರವೂ ಅಡಕವಾಗಿವೆ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. 1958ರಲ್ಲಿ, 19ರ ಹರೆಯದಲ್ಲಿ, ಅವರು ಒಬ್ಬರೇ ಅಮೆರಿಕದ ಬರ್ಕ್ಲಿಗೆ ಹೋದರು. 1964ರಲ್ಲಿ ಪೋಷಣೆ ಮತ್ತು ಅಂತಃಸ್ರಾವಶಾಸ್ತ್ರದಲ್ಲಿ (ಹಾರ್ಮೋನುಗಳ ಅಧ್ಯಯನ) ಪಿಎಚ್‌ಡಿ ಪಡೆದರು. ಮುಂದೆ ಅಮೆರಿಕದ ಉಪಾಧ್ಯಕ್ಷೆಯಾದ ಹಿರಿಯ ಮಗಳು ಕಮಲಾ ಹ್ಯಾರಿಸ್ ಹುಟ್ಟಿದ್ದೂ ಅದೇ ವರ್ಷ.

ವಿಚ್ಛೇದನದ ಬಳಿಕ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಲೇ ಅವರು ಅಮೆರಿಕದಲ್ಲೂ ಕೆನಡಾದ ಮಾಂಟ್ರಿಯಲ್‌ನಲ್ಲೂ ಸ್ತನ ಕ್ಯಾನ್ಸರ್ ಸಂಶೋಧನೆಯನ್ನು ಮುಂದುವರಿಸಿ, ಪ್ರೊಜೆಸ್ಟೆರಾನ್ ಹಾರ್ಮೋನಿನ ಸಂಕೇತವನ್ನು ಜೀವಕೋಶಕ್ಕೆ ಮುಟ್ಟಿಸುವ ಗ್ರಾಹಕದ (ರಿಸೆಪ್ಟರ್) ಅಧ್ಯಯನಕ್ಕೆ ಮಹತ್ವದ ಕೊಡುಗೆ ನೀಡಿದರು. ಗಡ್ಡೆಯಲ್ಲಿ ಈ ಗ್ರಾಹಕವಿದೆಯೇ ಎಂಬ ಪರೀಕ್ಷೆ, ಹಾರ್ಮೋನ್ ಚಿಕಿತ್ಸೆ ಒಗ್ಗುವುದೇ ಎಂದು ನಿರ್ಧರಿಸಲು ಇಂದು ವೈದ್ಯರಿಗೆ ನೆರವಾಗುತ್ತದೆ.

ಬರ್ಕ್ಲಿಯಲ್ಲಿ ಅವರು ಪ್ರಯೋಗಾಲಯದಲ್ಲಿದ್ದ ಹೊತ್ತು ಮಕ್ಕಳನ್ನು ನೋಡಿಕೊಂಡದ್ದು ನೆರೆಮನೆಯ ಮಹಿಳೆ. ಮಗಳು ಹೋಗುವ ಊರಿನಲ್ಲಿ ಅಂಥ ಆಸರೆ ಸಿಗುವುದೇ ಎಂಬುದನ್ನು, ವಿದ್ಯಾರ್ಥಿವೇತನದಷ್ಟೇ ಕಾಳಜಿಯಿಂದ, ದಯವಿಟ್ಟು ವಿಚಾರಿಸಿ.