ಮೆಗಾ ಡ್ರೈವ್ ಬಿಚ್ಚಬೇಕಾ?

ಪ್ರಶ್ನೆ: ಅಣ್ಣ ಜಪಾನಿನಿಂದ ಸೆಗಾ ಮೆಗಾ ಡ್ರೈವ್ ಎಂಬ ಹಳೇ ವಿಡಿಯೊ ಗೇಮ್ ಯಂತ್ರದ ಮೊದಲ ಮಾಡೆಲ್ ತಂದಿದ್ದಾನೆ. ಹಳದಿ ವೈರಿನಲ್ಲಿ ಟಿವಿಗೆ ಹಾಕಿದರೆ ಚಿತ್ರ ಮಸುಕು, ಬಣ್ಣ ಹರಡುತ್ತದೆ. ಬಿಚ್ಚಿ ಆರ್‌ಜಿಬಿ ಮಾಡ್ (ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತಂತಿಯಲ್ಲಿ ಕಳಿಸುವ ಮಾರ್ಪಾಡು) ಮಾಡಿಸಬೇಕಾ ಸಾರ್?
– ಓದುಗರು, ಹಾಸನ

ಉತ್ತರ: ದಯವಿಟ್ಟು ಬಿಚ್ಚಬೇಡಿ! 1988ರ ಈ ಯಂತ್ರದ ಹಿಂದಿರುವ ಎಂಟು ಪಿನ್ನಿನ ದುಂಡು ಸಾಕೆಟ್‌ನಲ್ಲಿ ಆರ್‌ಜಿಬಿ ಆಗಲೇ ಇದೆ. ಸುಮ್ನೆ ಬೆಸುಗೆ ಹಾಕಿಸಿ ಹಾಳಾದ ಬೋರ್ಡುಗಳು ನನ್ನ ಬೆಂಚಿಗೆ ಬಂದಾಗ ಸಂಕಟ ಆಗುತ್ತದೆ. ಮಸುಕಿಗೆ ಕಾರಣ ಹಳದಿ ವೈರು. ಅದು ಬೆಳಕು, ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸುತ್ತದೆ. ಆರ್‌ಜಿಬಿ ಸ್ಕಾರ್ಟ್ (ಯುರೋಪಿನ ಟಿವಿಗಳ 21 ಪಿನ್ನಿನ ಜೋಡಣೆ) ಕೇಬಲ್, ಜೊತೆಗೆ ಓಎಸ್‌ಎಸ್‌ಸಿ ಎಂಬ ಡಬ್ಬಿಯಂಥ ಲೈನ್ ಡಬ್ಲರ್ ತಗೊಳ್ಳಿ. ಅದು ಗೆರೆಗಳನ್ನು ದುಪ್ಪಟ್ಟು ಮಾಡಿ ಎಚ್‌ಡಿಎಂಐಗೆ ಕೊಡುತ್ತದೆ. ಜಪಾನಿನ 21 ಪಿನ್ನಿನ ಕೇಬಲ್ ನೋಡಲು ಸ್ಕಾರ್ಟ್ ಥರಾನೇ ಇದ್ದರೂ ವೈರಿಂಗ್ ಬೇರೆ, ಕೇಳಿಯೇ ಕೊಳ್ಳಿ. ಸ್ಟೀರಿಯೊ ಬೇಕಾದರೆ ಮುಂದಿನ ಹೆಡ್‌ಫೋನ್ ಜ್ಯಾಕ್‌ನಿಂದ ತೆಗೆಯಬೇಕು, ಹಿಂದೆ ಬರುವುದು ಮೋನೊ.

ಮೆಗಾ ಡ್ರೈವ್ ಜೊತೆಗಿನ ಜಪಾನಿನ ಅಡಾಪ್ಟರ್ 100 ವೋಲ್ಟಿನದು. ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟೇ ಹೋಗುತ್ತದೆ, 230ನ್ನು 100ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ.

ಅಂದಹಾಗೆ, ಹಳದಿ ವೈರನ್ನು ಎಸೆಯಬೇಡಿ. 1991ರ ಸೋನಿಕ್ ಆಟದ ಜಲಪಾತ ಆ ಮಸುಕಿನಲ್ಲೇ ಪಾರದರ್ಶಕವಾಗಿ ಕಾಣುವುದು. ಆರ್‌ಜಿಬಿಯಲ್ಲಿ ಬರೀ ಉದ್ದುದ್ದ ಗೆರೆ. ನನಗೆ ಹಳದಿ ವೈರಿನ ಜಲಪಾತವೇ ಇಷ್ಟ.