ಎಕ್ಸ್‌ಪಿ ಕಂಪ್ಯೂಟರಿಗೆ ಪ್ಯಾಚ್ ನಾವೇ ಹಾಕಬಹುದಾ?

ಪ್ರಶ್ನೆ: ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್. ಪೇಜ್‌ಮೇಕರ್ ಕೆಲಸ, ಹಳೆಯ ಕನ್ನಡ ಫಾಂಟು ಎಲ್ಲ ಇರುವುದು ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ. ಇನ್ನೆರಡು ವಿಂಡೋಸ್ 7 ಕಂಪ್ಯೂಟರಿಗೂ ಲ್ಯಾನ್ ಎಳೆದಿದ್ದೇವೆ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ತರಹದ ವೈರಸ್ ಬಂದರೆ ಎಲ್ಲ ಫೈಲೂ ಹೋಗುತ್ತವೆ ಅಂತಾರೆ. ಎಕ್ಸ್‌ಪಿಗೆ ಅಪ್‌ಡೇಟ್ ತಾನಾಗಿ ಬರುತ್ತಿಲ್ಲ. ನಾವೇ ಹಾಕಬಹುದಾ?
- ಒಬ್ಬ ಓದುಗರು, ದಾವಣಗೆರೆ

ಉತ್ತರ: ಖಂಡಿತ ಹಾಕಬಹುದು, ದಯವಿಟ್ಟು ಈ ವಾರವೇ ಹಾಕಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ನಿಂತಿತು. ಆದರೆ 2017ರ ಮೇ 12ರಂದು ವಾನಾಕ್ರೈ ಹಬ್ಬಿ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೇ ನಿಂತುಹೋದಾಗ, ಕಂಪನಿ ತನ್ನ ನಿಯಮ ಬದಿಗಿಟ್ಟು ಎಕ್ಸ್‌ಪಿಗೂ ಪ್ಯಾಚ್ (ದೋಷ ಸರಿಪಡಿಸುವ ಚಿಕ್ಕ ಅಪ್‌ಡೇಟ್) ಕೊಟ್ಟಿತು. ಅದರ ಹೆಸರು ಕೆಬಿ4012598. ಫೈಲ್ ಹಂಚಿಕೊಳ್ಳುವ ಎಸ್‌ಎಂಬಿ ವ್ಯವಸ್ಥೆಯಲ್ಲಿದ್ದ ತೂತನ್ನು ಇದು ಮುಚ್ಚುತ್ತದೆ. ನೀವು ಲ್ಯಾನ್‌ನಲ್ಲಿ ಫೈಲ್ ಕಳಿಸುವ ದಾರಿಯೂ ಅದೇ, ಅಲ್ವಾ? ಹಾಗಾಗಿ ಒಂದಕ್ಕೆ ತಗುಲಿದರೆ ಉಳಿದವಕ್ಕೂ ಹೋಗಬಹುದು, ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿಲ್ಲ.

ಮೊದಲು ಪೇಜ್‌ಮೇಕರ್ ಫೈಲುಗಳನ್ನೂ ಫಾಂಟುಗಳನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ, ಡಿಸ್ಕನ್ನು ಬಿಚ್ಚಿಡಿ. ಆಮೇಲೆ ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಸರ್ವಿಸ್ ಪ್ಯಾಕ್ 3 (ಎಸ್‌ಪಿ3, ಹಲವು ಅಪ್‌ಡೇಟುಗಳ ಒಂದು ಕಟ್ಟು) ಇದೆಯೇ ನೋಡಿ, ಅದಿಲ್ಲದೆ ಪ್ಯಾಚ್ ಕೂರುವುದಿಲ್ಲ. ಪ್ಯಾಚ್ ಇಳಿಸಲು ಎಕ್ಸ್‌ಪಿಯ ಹಳೆಯ ಬ್ರೌಸರ್ ಜೊತೆ ಗುದ್ದಾಡಬೇಡಿ. ಹೊಸ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕೆಟಲಾಗ್ ಎಂಬ ಕಂಪನಿಯದ್ದೇ ವೆಬ್‌ಸೈಟ್ ತೆರೆದು ಆ ನಂಬರ್ ಹುಡುಕಿ. ಒಂದೇ ನಂಬರಿಗೆ ವಿಸ್ಟಾ, ಸರ್ವರ್ 2003 ಅಂತ ಬೇರೆ ಬೇರೆ ಫೈಲುಗಳು ಬರುತ್ತವೆ, ನಿಮಗೆ ಬೇಕಾದ್ದು ಎಕ್ಸ್‌ಪಿ ಎಸ್‌ಪಿ3ರದ್ದು. ಭಾಷೆಯೂ ನಿಮ್ಮ ವಿಂಡೋಸಿನದ್ದೇ ಇರಬೇಕು, ಸಾಮಾನ್ಯವಾಗಿ ಇಂಗ್ಲಿಷ್. ವೈರಸ್ ಸ್ಕ್ಯಾನ್ ಮಾಡಿದ ಪೆನ್‌ಡ್ರೈವಿನಲ್ಲಿ ತಂದು ಡಬಲ್ ಕ್ಲಿಕ್ ಮಾಡಿ, ರೀಸ್ಟಾರ್ಟ್ ಮಾಡಿ. ವಿಡಿಯೋಗಳ ಕೆಳಗೆ ಯಾರೋ ಹಾಕಿರುವ ಲಿಂಕಿನಿಂದ ಮಾತ್ರ ಇಳಿಸಿಕೊಳ್ಳಬೇಡಿ, ಪ್ಯಾಚ್ ಹೆಸರಿನಲ್ಲೇ ವೈರಸ್ ಬರಬಹುದು.

ಇದೇ ದಾರಿಯಲ್ಲಿ ಕೆಬಿ4500331 ಕೂಡ ಹಾಕಿಬಿಡಿ. 2019ರ ಮೇ ತಿಂಗಳಲ್ಲಿ ಹೊರಬಿದ್ದ ಬ್ಲೂಕೀಪ್ ಎಂಬ ತೂತಿಗೆ ಅದು ಮದ್ದು, ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ಗೆ ಸಂಬಂಧಿಸಿದ್ದು. ರಿಮೋಟ್ ಬಳಸದಿದ್ದರೆ ಅದನ್ನು ಆಫ್ ಮಾಡಿ.

ವಿಂಡೋಸ್ 7ರವನ್ನು ಮರೆಯಬೇಡಿ! ವಾನಾಕ್ರೈಗೆ ಜಾಸ್ತಿ ಸಿಕ್ಕಿಬಿದ್ದಿದ್ದು ಎಕ್ಸ್‌ಪಿ ಅಲ್ಲ, ವಿಂಡೋಸ್ 7. ಅದರಲ್ಲಿ ಸರ್ವಿಸ್ ಪ್ಯಾಕ್ 1 ಇರಬೇಕು, ಹಾಕಬೇಕಾದ ಪ್ಯಾಚ್ ಕೆಬಿ4012212, ಬ್ಲೂಕೀಪ್‌ಗೆ ಕೆಬಿ4499175.

ಇಷ್ಟು ಮಾಡಿದರೂ ಎಕ್ಸ್‌ಪಿಯನ್ನು ಇಂಟರ್ನೆಟ್ಟಿಗೆ ಬಿಡಬೇಡಿ ಎಂದೇ ನನ್ನ ಗಟ್ಟಿ ಸಲಹೆ. ಮುಚ್ಚಿದ್ದು ಎರಡು ತೂತು, ಮುಚ್ಚದವು ಇನ್ನೂ ಇವೆ. ಲ್ಯಾನ್ ತಂತಿ ತೆಗೆದು ಪೆನ್‌ಡ್ರೈವಿನಲ್ಲೇ ಫೈಲ್ ಸಾಗಿಸಿದರೆ ಇನ್ನೂ ಒಳ್ಳೆಯದು.

ಕೊನೆಗೆ ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಆ್ಯಡ್ ಆರ್ ರಿಮೂವ್ ಪ್ರೋಗ್ರಾಮ್ಸ್‌ನಲ್ಲಿ ಶೋ ಅಪ್‌ಡೇಟ್ಸ್‌ಗೆ ಟಿಕ್ ಹಾಕಿ, ಎರಡೂ ನಂಬರ್ ಇವೆಯೇ ನೋಡಿ, ಒಂದು ಪುಟ ಪ್ರಿಂಟ್ ಕೊಡಿ. ಏನಾದರೂ ತೊಂದರೆ ಕಂಡರೆ ಅದೇ ಪಟ್ಟಿಯಿಂದ ಪ್ಯಾಚ್ ತೆಗೆಯಬಹುದು, ಆದರೆ ತೆಗೆದ ಮೇಲೆ ಲ್ಯಾನ್ ತಂತಿ ಮತ್ತೆ ಸಿಕ್ಕಿಸಬೇಡಿ.