ಲೇತ್ ಆಪರೇಟರ್‌ಗಳಿಗೆ ಸಿಎನ್‌ಸಿ ಕಲಿಸಿದರೂ ರಿಜೆಕ್ಷನ್ ಇಳಿಯದಿದ್ದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ: 15–20 ವರ್ಷ ಲೇತ್‌ನಲ್ಲಿ (ಲೋಹದ ತುಂಡನ್ನು ತಿರುಗಿಸಿ ಕಡೆಯುವ, ಕೈಯಲ್ಲಿ ನಡೆಸುವ ಮೆಷಿನ್) ಕೈ ಪಳಗಿದವರನ್ನು ಸಿಎನ್‌ಸಿ ಟರ್ನಿಂಗ್‌ಗೆ, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ಗೆ, ಹಾಕಿದ್ದೀರಿ. ಮೆಷಿನ್ ಕೊಟ್ಟವರು ಮೂರು ದಿನ ಟ್ರೈನಿಂಗ್ ಕೊಟ್ಟರು. ಎರಡು ತಿಂಗಳಾದರೂ ರಿಜೆಕ್ಷನ್ (ಸೈಜ್ ತಪ್ಪಿ ತಿರಸ್ಕಾರವಾಗುವ ಪೀಸ್) ಇಳಿದಿಲ್ಲ. ಹೊಸ ಹುಡುಗರನ್ನೇ ತಗೊಳ್ಳಬೇಕಾ?

ಬೇಡ. ಮೊದಲು ರಿಜೆಕ್ಟ್ ಆದ ಪೀಸ್‌ಗಳನ್ನು ಮೇಜಿನ ಮೇಲೆ ಹರಡಿ, ಯಾವ ಟೂಲ್, ಎಷ್ಟು ತಪ್ಪಿದೆ, ಶಿಫ್ಟ್‌ನ ಎಷ್ಟನೇ ಪೀಸ್ ಅಂತ ಬರೆಯಿರಿ. ತಪ್ಪುಗಳು ಎರಡು ಮೂರು ಜಾತಿಯವೇ ಆಗಿರುತ್ತವೆ.

ಅದರಲ್ಲಿ ದೊಡ್ಡದು ಹಳೇ ಅಭ್ಯಾಸದಿಂದ ಬರುವುದು. ಎಷ್ಟೋ ಲೇತ್‌ಗಳಲ್ಲಿ ಕ್ರಾಸ್ ಸ್ಲೈಡ್ (ಟೂಲನ್ನು ಪೀಸ್ ಕಡೆಗೆ ಸರಿಸುವ ಭಾಗ) ಡಯಲ್ 0.05 ಮಿ.ಮೀ. ತಿರುಗಿಸಿದರೆ ಡಯಾ (ವ್ಯಾಸ) 0.10 ಇಳಿಯುತ್ತದೆ. ಅರ್ಧ ಮಾಡಿ ಕೊಡುವುದು ಅವರ ಕೈಗೇ ಕೂತಿರುತ್ತದೆ. ಸಿಎನ್‌ಸಿಯಲ್ಲಿ ಎಕ್ಸ್ (ಟೂಲ್ ಅಡ್ಡ ಸರಿಯುವ ಅಂಕಿ) ಅಂದರೆ ಸಾಮಾನ್ಯವಾಗಿ ಡಯಾನೇ. 0.04 ಇಳಿಸಬೇಕಾದವರು ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆದಂತೆ ಸೈಜ್ ತಿದ್ದಲು ಕೊಡುವ ಅಂಕಿ) 0.02 ಕೊಡುತ್ತಾರೆ, ಪೀಸ್ 0.02 ದಪ್ಪವೇ ಉಳಿಯುತ್ತದೆ.

ಎರಡನೆಯದು ಫ್ಯಾನಕ್ ಕಂಪನಿಯ ಕಂಟ್ರೋಲ್‌ನ (ಮೆಷಿನ್ ನಡೆಸುವ ಕಂಪ್ಯೂಟರ್) ಎರಡು ಕೀಗಳು: ಇನ್‌ಪುಟ್, ಪ್ಲಸ್ ಇನ್‌ಪುಟ್. ಮೊದಲನೆಯದು ಇದ್ದ ಅಂಕಿಯನ್ನು ಅಳಿಸಿ ಹೊಸದನ್ನು ಕೂರಿಸುತ್ತದೆ, ಎರಡನೆಯದು ಇದ್ದದ್ದಕ್ಕೆ ಸೇರಿಸುತ್ತದೆ. ವೇರ್‌ನಲ್ಲಿ ಆಗಲೇ -0.03 ಇದೆ, ಇನ್ನೂ 0.02 ಇಳಿಸಬೇಕು ಅಂತ -0.02 ಹೊಡೆದು ಬರೀ ಇನ್‌ಪುಟ್ ಒತ್ತಿದರೆ ಡಯಾ ಇಳಿಯುವ ಬದಲು 0.01 ಏರುತ್ತದೆ. ‘ಕಮ್ಮಿ ಮಾಡಿದೆ ಸಾರ್, ಜಾಸ್ತಿ ಬಂತು’ ಅಂತ ಆಪರೇಟರ್ ಹೇಳಿದರೆ ಬೈಯಬೇಡಿ, ಆಫ್‌ಸೆಟ್ ಪುಟ ತೆಗೆದು ಜೊತೆಗೆ ನಿಂತು ನೋಡಿ. ವೇರ್‌ನಲ್ಲಿ ಒಂದು ಸಲಕ್ಕೆ ಎಷ್ಟು ಕೊಡಬಹುದು ಅನ್ನುವುದಕ್ಕೆ ಪ್ಯಾರಾಮೀಟರ್‌ನಲ್ಲಿ (ಕಂಟ್ರೋಲ್‌ನ ಒಳ ಸೆಟ್ಟಿಂಗ್) ಮಿತಿ ಹಾಕಬಹುದು. ಸರ್ವಿಸ್‌ನವರಿಂದ ಅದನ್ನು ಹಾಕಿಸಿಬಿಡಿ, ಚುಕ್ಕಿ ತಪ್ಪಿ 0.02ರ ಬದಲು 0.2 ಹೋಗುವುದು ನಿಲ್ಲುತ್ತದೆ.

ಬೆಳಗಿನ ಮೊದಲ ಪೀಸ್‌ಗಳೇ ಹೆಚ್ಚು ಕೆಡುತ್ತಿದ್ದರೆ ಆಪರೇಟರ್‌ನನ್ನು ದೂರಬೇಡಿ. ಸ್ಪಿಂಡಲ್ (ಪೀಸ್ ತಿರುಗಿಸುವ ದಂಡ), ಬಾಲ್ ಸ್ಕ್ರೂ (ಟೂಲ್ ಸರಿಸುವ ಸ್ಕ್ರೂ) ಬಿಸಿಯಾದ ಹಾಗೆ ಸೈಜ್ ಸರಿಯುತ್ತದೆ. ತಣ್ಣಗಿದ್ದಾಗ ಆಫ್‌ಸೆಟ್ ತಿದ್ದಿ, ಬಿಸಿಯಾದ ಮೇಲೆ ಮತ್ತೆ ತಿದ್ದಿ, ಸೈಜ್ ಹಿಂದೆ ಓಡುವ ಕೆಲಸ ಆಗುತ್ತದೆ. 10–15 ನಿಮಿಷ ವಾರ್ಮ್‌ಅಪ್ ಪ್ರೋಗ್ರಾಂ ಓಡಿಸಿ ಆಮೇಲೆ ಪೀಸ್ ಹಾಕಲಿ.

ಕಲಿಸುವ ರೀತಿಯೂ ಬದಲಾಗಬೇಕು. ಮೂರು ದಿನದ ಪಾಠ ತಲೆಯಲ್ಲಿ ಉಳಿಯುವುದಿಲ್ಲ. ಶಿಫ್ಟ್ ಶುರುವಿನಲ್ಲಿ ಅರ್ಧ ಗಂಟೆ, ಮೆಷಿನ್ ಮುಂದೆಯೇ, ದಿನಕ್ಕೆ ಒಂದೇ ವಿಷಯ. ಮೊದಲ ವಾರ ಬರೀ ಅಳೆದು ವೇರ್ ತಿದ್ದುವುದು. ಕೀ ಅವರೇ ಒತ್ತಬೇಕು, ಕಲಿಸುವವರು ಕೈ ಕಟ್ಟಿ ನಿಲ್ಲಬೇಕು. ಎರಡನೇ ವಾರ ಇನ್ಸರ್ಟ್ (ಟೂಲ್ ತುದಿಯ ಬದಲಿಸುವ ಕಟಿಂಗ್ ತುಂಡು) ಬದಲಿಸಿದ ಮೇಲಿನ ಮೊದಲ ಪೀಸ್: ಸಿಂಗಲ್ ಬ್ಲಾಕ್ (ಪ್ರೋಗ್ರಾಂ ಒಂದೊಂದೇ ಸಾಲು ಓಡಿಸುವುದು) ಆನ್, ರ್‍ಯಾಪಿಡ್ (ಕಟ್ ಮಾಡದೆ ಟೂಲ್ ಸರಿಯುವ ವೇಗ) 25%, ಕಣ್ಣು ‘ಡಿಸ್ಟೆನ್ಸ್ ಟು ಗೋ’ (ಟೂಲ್ ಇನ್ನೂ ಸರಿಯಬೇಕಾದ ದೂರ) ಮೇಲೆ. ಟೂಲ್ ಪೀಸ್ ಹತ್ತಿರ ಬಂದಿದೆ, ಪರದೆಯಲ್ಲಿ ಇನ್ನೂ 40 ಮಿ.ಮೀ. ಬಾಕಿ ಅಂತಿದ್ದರೆ ಫೀಡ್ ಹೋಲ್ಡ್ (ಟೂಲ್ ನಿಲ್ಲಿಸುವ ಬಟನ್) ಒತ್ತಬೇಕು. ಆಮೇಲೆ ಜಿ96 (ಕಟಿಂಗ್ ವೇಗ ಒಂದೇ ಇರಿಸುವ ಪ್ರೋಗ್ರಾಂ ಆದೇಶ) ಅರ್ಥ ಮಾಡಿಸಿ. ಫೇಸಿಂಗ್‌ನಲ್ಲಿ (ಪೀಸ್‌ನ ಮುಖ ಸಮ ಮಾಡುವಾಗ) ಟೂಲ್ ಮಧ್ಯಕ್ಕೆ ಹೋದಂತೆ ಆರ್‌ಪಿಎಂ ತಾನೇ ಏರುವುದು ಕಂಡು ಗೇರ್ ಲೇತ್‌ನವರಿಗೆ ಭಯವಾಗುತ್ತದೆ, ಭಯ ನ್ಯಾಯವಾದದ್ದೇ. ಅದಕ್ಕೇ ಪ್ರೋಗ್ರಾಂನ ಜಿ50 ಸಾಲಿನಲ್ಲಿ ಗರಿಷ್ಠ ಆರ್‌ಪಿಎಂ ಕಟ್ಟಿರುತ್ತಾರೆ. ಆ ಸಾಲು ಇದೆಯೇ ಅಂತ ನೋಡುವುದನ್ನು ಕಲಿಸಿ. ಪ್ರೋಗ್ರಾಂ ಬರೆಯುವುದು ಇದೆಲ್ಲ ಆದ ಮೇಲೆ.

ಕಲಿಯುವ ಎರಡು ಮೂರು ತಿಂಗಳು ಪೀಸ್ ಲೆಕ್ಕದ ಇನ್ಸೆಂಟಿವ್ ಕಡಿತ ಮಾಡಬೇಡಿ, ಹಿಂದಿನ ಸರಾಸರಿಯನ್ನೇ ಕೊಡಿ. ದುಡ್ಡು ಹೋಗುತ್ತದೆ ಅನ್ನುವ ಹೆದರಿಕೆಯಿದ್ದರೆ ಕೆಟ್ಟ ಪೀಸ್ ಸ್ಕ್ರ್ಯಾಪ್ ಬಿನ್‌ನ ತಳ ಸೇರುತ್ತದೆ, ಕಾರಣ ನಿಮಗೆ ಗೊತ್ತೇ ಆಗುವುದಿಲ್ಲ.

ಹುಡುಗರು ಬೇಕೇ ಬೇಕು ಅನ್ನಿಸಿದರೆ ಒಬ್ಬನನ್ನು ತಗೊಂಡು ಹಿರಿಯರ ಜೊತೆ ಹಾಕಿ. ಸ್ಕ್ರೀನ್ ಅವನಿಗೆ ಬೇಗ ಒಗ್ಗುತ್ತದೆ. ಆದರೆ ಕಟಿಂಗ್ ಸದ್ದು ಬದಲಾದ ತಕ್ಷಣ ಇನ್ಸರ್ಟ್ ಮೂಗು ಹೋಗಿದೆ ಅಂತ ಕಂಡುಹಿಡಿಯುವುದು, ಚಿಪ್ ಉದ್ದ ಸುತ್ತಿಕೊಂಡರೆ ಫೀಡ್ ಕಮ್ಮಿಯಾಗಿದೆಯಾ ಅಂತ ಅನುಮಾನಪಡುವುದು ನಿಮ್ಮ ಹಳೇ ಆಪರೇಟರ್‌ಗೆ ಮಾತ್ರ ಬರುತ್ತದೆ.